ಸಿಡಿ25 ಬಾಟಲಿಯನ್ನು ಬದಲಿಸುವ ಮುನ್ನ ಸಿಡಿ4 ಬಾಟಲಿಯನ್ನು ನೋಡಿ

ಸಿಡಿ4 ಕೋಶಗಳೆಲ್ಲವೂ ಸಿಡಿ25 ಪಾಸಿಟಿವ್ ಎಂದು ಬರುತ್ತಿವೆ, ಸಿಡಿ8 ಕೋಶಗಳು ಮಾತ್ರ ಸ್ವಚ್ಛವಾಗಿವೆ, ಯಾವ ಕಂಪನಿಯ ಸಿಡಿ25 ಆಂಟಿಬಾಡಿ ತರಿಸಲಿ ಎಂದು ಕೇಳಿದ್ದೀರಿ. ಯಾವುದನ್ನೂ ತರಿಸಬೇಡಿ. (ಸಿಡಿ4, ಸಿಡಿ8, ಸಿಡಿ25 ಎಂದರೆ ರಕ್ತದ ರೋಗನಿರೋಧಕ ಕೋಶಗಳ ಮೇಲಿನ ಪ್ರೋಟೀನ್‌ಗಳು; ಬಣ್ಣ ಕಟ್ಟಿದ ಆಂಟಿಬಾಡಿ ಅಂಟಿಸಿ ಅವನ್ನು ಗುರುತಿಸುತ್ತೇವೆ.) ಸಿಡಿ25 ಆಂಟಿಬಾಡಿಗೆ ಪಿಇ ಬಣ್ಣ, ಸಿಡಿ4 ಆಂಟಿಬಾಡಿಗೆ ಪಿಇ-ಸೈ7 ಬಣ್ಣ ಎಂದು ಓದಿದ ಕೂಡಲೇ ನನ್ನ ಪಿಎಚ್‌ಡಿ ದಿನಗಳು ನೆನಪಾದವು. ಇದೇ ಜೋಡಿ, ಇದೇ ಚಿತ್ರ.

ರೋಗಿಗಳ ರಕ್ತ ನಮಗೆ ಬೆಂಗಳೂರಿನ ಒಂದು ಆಸ್ಪತ್ರೆಯಿಂದ ಬರುತ್ತಿತ್ತು. ಹೊರರೋಗಿ ವಿಭಾಗ ಮುಗಿದು, ಟ್ರಾಫಿಕ್ ದಾಟಿ ಕೈ ಸೇರುವಾಗ ಸಂಜೆಯಾಗಿರುತ್ತಿತ್ತು. ಕೋಶಗಳನ್ನು ಬೇರ್ಪಡಿಸಿ ಆಂಟಿಬಾಡಿ ಹಾಕುವಷ್ಟರಲ್ಲಿ ಫ್ಲೋ ಸೈಟೋಮೀಟರ್ (ಕೋಶಗಳ ಮೇಲೆ ಲೇಸರ್ ಹಾಯಿಸಿ ಬಣ್ಣ ಅಳೆಯುವ ಯಂತ್ರ) ಇರುವ ಕೋಣೆಗೆ ಬೀಗ ಬಿದ್ದಿರುತ್ತಿತ್ತು. ಹಾಗಾಗಿ ಪ್ಯಾರಾಫಾರ್ಮಾಲ್ಡಿಹೈಡ್ ಎಂಬ ಫಿಕ್ಸೇಟಿವ್‌ನಲ್ಲಿ ಫಿಕ್ಸ್ ಮಾಡಿ (ಕೋಶಗಳು ಕೆಡದಂತೆ ಮಾಡಿ), ಫ್ರಿಜ್‌ನಲ್ಲಿಟ್ಟು, ಮರುದಿನ ಓಡಿಸುತ್ತಿದ್ದೆ. ಆರೋಗ್ಯವಂತರ ರಕ್ತವೆಂದರೆ ನಮ್ಮ ಲ್ಯಾಬಿನವರದೇ. ಬೆಳಿಗ್ಗೆ ತೆಗೆದು, ಫಿಕ್ಸ್ ಮಾಡದೆ, ಮಧ್ಯಾಹ್ನವೇ ಓಡಿಸಿ ಮುಗಿಸುತ್ತಿದ್ದೆ. ನನ್ನನ್ನು ಮುಳುಗಿಸಿದ್ದು ಈ ವ್ಯತ್ಯಾಸ.

ರೋಗಿಗಳಲ್ಲಿ ಸಿಡಿ25 ಇರುವ ಸಿಡಿ4 ಕೋಶಗಳು ಧಾರಾಳವಾಗಿ ಕಂಡವು, ಆರೋಗ್ಯವಂತರಲ್ಲಿ ಕಡಿಮೆ. ಇಂಥ ಕೋಶಗಳು ರೋಗನಿರೋಧಕ ವ್ಯವಸ್ಥೆಗೆ ಕಡಿವಾಣ ಹಾಕುತ್ತವೆ ಎಂದು ಜಪಾನಿನ ವಿಜ್ಞಾನಿ ಶಿಮೋನ್ ಸಕಾಗುಚಿ 1995ರಲ್ಲಿ ಇಲಿಗಳಲ್ಲಿ ತೋರಿಸಿದ ಮೇಲೆ ಅವುಗಳ ಬೆನ್ನು ಹತ್ತಿದವರಿಗೆ ಲೆಕ್ಕವಿಲ್ಲ. ರೋಗಿಗಳಲ್ಲಿ ಅವು ಹೆಚ್ಚಾಗಿ ಸಿಕ್ಕರೆ ಯಾರಿಗೆ ಖುಷಿಯಾಗದು? ಗೈಡ್‌ಗೂ ಖುಷಿ. ಸಮ್ಮೇಳನಕ್ಕೆ ಪೋಸ್ಟರ್ ಸಿದ್ಧವಾಯಿತು.

ಆಗಿದ್ದು ಇಷ್ಟು. ಪಿಇ-ಸೈ7 ಎಂದರೆ ಒಂದು ಬಣ್ಣವಲ್ಲ, ಜೋಡಿಸಿದ ಎರಡು ಬಣ್ಣ. ಕೆಂಪು ಪಾಚಿಯಿಂದ ಬಂದ ಪಿಇ ಲೇಸರ್ ಬೆಳಕನ್ನು ಹೀರಿ, ಆ ಶಕ್ತಿಯನ್ನು ಪಕ್ಕದ ಸೈ7ಗೆ ದಾಟಿಸುತ್ತದೆ. ಸೈ7 ಸುಮಾರು 780 ನ್ಯಾನೊಮೀಟರ್‌ನಲ್ಲಿ ಹೊಳೆಯುತ್ತದೆ. ಬೆಳಕಿಗೋ ಫಿಕ್ಸೇಟಿವ್‌ಗೋ ಸಿಕ್ಕಿ ಈ ಜೋಡಿ ಹಾಳಾದರೆ ಶಕ್ತಿ ದಾಟುವುದಿಲ್ಲ. ಪಿಇ ತಾನೇ 578ರ ಆಸುಪಾಸಿನಲ್ಲಿ ಹೊಳೆದುಬಿಡುತ್ತದೆ. ಯಂತ್ರದ ಪಾಲಿಗೆ ಅದೇ ಸಿಡಿ25. ಅದೂ ಎಲ್ಲಿ? ಸಿಡಿ4 ಆಂಟಿಬಾಡಿ ಕೂತಿರುವ ಕೋಶಗಳ ಮೇಲೆ ಮಾತ್ರ. ಗಲೀಜು ಎಲ್ಲ ಕೋಶಗಳಿಗೂ ಹರಡಿದ್ದರೆ ಅನುಮಾನವಾದರೂ ಬರುತ್ತಿತ್ತು. ಪಠ್ಯಪುಸ್ತಕ ಹೇಳಿದ ಜಾಗದಲ್ಲೇ ಬಂದು ಕುಳಿತಿದ್ದರಿಂದ ನಂಬಿದೆ.

ಕಾಂಪೆನ್ಸೇಶನ್, ಅಂದರೆ ಒಂದು ಬಣ್ಣದಿಂದ ಇನ್ನೊಂದರ ಲೆಕ್ಕಕ್ಕೆ ಸೋರುವ ಬೆಳಕನ್ನು ಕಳೆಯುವ ಕೆಲಸ, ಮಾಡಿರಲಿಲ್ಲವೇ ಎನ್ನುತ್ತೀರಿ. ಮಾಡಿದ್ದೆ, ಆಗಷ್ಟೇ ಬಣ್ಣ ಹಾಕಿದ, ಫಿಕ್ಸ್ ಮಾಡದ ಬೀಡ್‌ಗಳಲ್ಲಿ (ಆಂಟಿಬಾಡಿ ಹಿಡಿದುಕೊಳ್ಳುವ ಪುಟ್ಟ ಮಣಿಗಳಲ್ಲಿ)! ತಾಜಾ ಪಿಇ-ಸೈ7 ಎಷ್ಟು ಸೋರುತ್ತದೆಯೋ ಅಷ್ಟನ್ನು ಮಾತ್ರ ಅದು ಕಳೆಯಿತು. ಫಿಕ್ಸೇಟಿವ್‌ನಲ್ಲಿ ರಾತ್ರಿ ಕಳೆದ ಬಣ್ಣದಿಂದ ಹೆಚ್ಚುವರಿಯಾಗಿ ಬಂದದ್ದೆಲ್ಲ ಸಿಡಿ25ರ ಖಾತೆಗೆ ಜಮೆಯಾಯಿತು. ಬೀಡ್‌ಗಳನ್ನೂ ಮಾದರಿಗಳ ಜೊತೆಗೇ ಫಿಕ್ಸ್ ಮಾಡಿ ಇಟ್ಟಿದ್ದರೆ ಮೊದಲ ವಾರವೇ ಗುಟ್ಟು ರಟ್ಟಾಗುತ್ತಿತ್ತು.

ಕೊನೆಗೆ ಬಯಲಾದದ್ದು ಆಕಸ್ಮಿಕವಾಗಿ. ಕಿರಿಯ ವಿದ್ಯಾರ್ಥಿನಿಯೊಬ್ಬಳು ಒಂದು ಟ್ಯೂಬ್‌ಗೆ ಸಿಡಿ25 ಹಾಕುವುದನ್ನೇ ಮರೆತಳು. ಮರುದಿನ ಓಡಿಸಿದಾಗ ಪರದೆಯ ಮೇಲೆ ಸಿಡಿ25 ಎಂದಿನಂತೆ ಹಾಜರು. ಅವಳು ಹೆದರಿ ಕ್ಷಮೆ ಕೇಳುತ್ತಿದ್ದಳು; ನನಗೆ ಕುರ್ಚಿಯಿಂದ ಏಳಲಾಗಲಿಲ್ಲ. ಪೋಸ್ಟರ್ ಹಿಂಪಡೆದೆವು. ಚಿಕಿತ್ಸೆ ಶುರುವಾಗಿದ್ದ ರೋಗಿಗಳಿಂದ ಮತ್ತೆ ಅದೇ ಹಂತದ ರಕ್ತ ಸಿಗುವಂತಿರಲಿಲ್ಲ.

ಆ ಹುಡುಗಿ ಮರೆತು ಮಾಡಿದ್ದನ್ನು ನೀವು ಬೇಕೆಂದೇ ಮಾಡಿ: ಪಿಇ ಕಟ್ಟಿದ ಸಿಡಿ25 ಒಂದನ್ನು ಬಿಟ್ಟು ಉಳಿದೆಲ್ಲ ಆಂಟಿಬಾಡಿ ಹಾಕಿ, ಮಾದರಿಯಷ್ಟೇ ಹೊತ್ತು ಫಿಕ್ಸೇಟಿವ್‌ನಲ್ಲಿಟ್ಟು ಓಡಿಸಿ. ಇದನ್ನೇ ಎಫ್ಎಂಒ (ಫ್ಲೋರೆಸೆನ್ಸ್ ಮೈನಸ್ ಒನ್, ಒಂದು ಬಣ್ಣ ಬಿಟ್ಟ) ಕಂಟ್ರೋಲ್ ಎನ್ನುವುದು. ಅಲ್ಲೂ ಸಿಡಿ25 ಕಂಡರೆ, ಅದರ ಬಾಟಲಿ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ನನ್ನನ್ನು ಕೇಳಿದರೆ ಸಿಡಿ4ಗೆ ಪಿಇ-ಸೈ7ನಂಥ ಟ್ಯಾಂಡಮ್ (ಜೋಡಿ) ಬಣ್ಣ ಕಟ್ಟುವುದೇ ದಂಡ. ಕೋಶದ ಮೇಲೆ ಹೇರಳವಾಗಿರುವ ಪ್ರೋಟೀನ್ ಅದು, ಮಂದ ಬಣ್ಣದಲ್ಲೂ ಕಾಣುತ್ತದೆ. ಯಂತ್ರದಲ್ಲಿ ಕೆಂಪು ಲೇಸರ್ ಇದ್ದರೆ ಸಿಡಿ4ಗೆ ಎಪಿಸಿ ಎಂಬ ಒಂಟಿ ಬಣ್ಣ ಕೊಡಿ. ಪಿಇಯಂಥ ಪ್ರಖರ ಬಣ್ಣ ಸಿಡಿ25ಕ್ಕೇ ಇರಲಿ.

ಸತ್ತ ಕೋಶಗಳಿಂದ ಹೀಗಾಗಿರಬಹುದು ಎಂದು ನಿಮ್ಮ ಸೀನಿಯರ್ ಹೇಳಿದ್ದಾರಂತೆ. ಸತ್ತ ಕೋಶಗಳನ್ನು ಗುರುತಿಸುವ ವಯಬಿಲಿಟಿ ಡೈ ಹಾಕಿ, ಬೇಡ ಎನ್ನುವುದಿಲ್ಲ. ಆದರೆ ಸತ್ತ ಕೋಶಗಳು ಜಾತಿ ನೋಡದೆ ಸಿಕ್ಕ ಸಿಕ್ಕ ಆಂಟಿಬಾಡಿಯನ್ನೆಲ್ಲ ಅಂಟಿಸಿಕೊಳ್ಳುತ್ತವೆ. ಅವೇ ಕಾರಣವಾಗಿದ್ದರೆ ನಿಮ್ಮ ಸಿಡಿ8 ಕೋಶಗಳು ಇಷ್ಟು ಸ್ವಚ್ಛವಾಗಿ ಉಳಿಯುತ್ತಿರಲಿಲ್ಲ.