ಮಡಿಕೇರಿ ಅಂಗಡಿಯಲ್ಲಿ ಕೊಂಡ ಅಗ್ಗದ ವೈನ್ ಚೆನ್ನಾಗಿದೆಯಾ ಅಂತ ಮನೆಯಲ್ಲೇ ತಿಳಿಯೋದು ಹೇಗೆ?

ನಾಲಿಗೆಗಿಂತ ಮೊದಲು ಮೂಗಿಗೆ ಕೆಲಸ ಕೊಡಿ. ಗ್ಲಾಸಿನಲ್ಲಿ ಕಾಲು ಭಾಗ ಮಾತ್ರ ಹಾಕಿ, ಮೆಲ್ಲಗೆ ತಿರುಗಿಸಿ, ಮೂಸಿ ನೋಡಿ. ವಿನೆಗರ್ ಅಥವಾ ನೈಲ್ ಪಾಲಿಶ್ ರಿಮೂವರ್ ವಾಸನೆ ಗಾಢವಾಗಿ ಹೊಡೆದರೆ ವೈನ್ ಕೆಟ್ಟಿದೆ. ಗಾಳಿ ತಾಗಿ ಬ್ಯಾಕ್ಟೀರಿಯಾ ಅದರ ಆಲ್ಕೋಹಾಲನ್ನು ಅಸಿಟಿಕ್ ಆಮ್ಲ ಮಾಡಿರುತ್ತದೆ. ಬೆಂಕಿಕಡ್ಡಿ ಗೀರಿದ ಹಾಗೆ ವಾಸನೆ ಬಂದರೆ ಗಾಬರಿ ಬೇಡ. ಅದು ಕೆಡದಂತೆ ಹಾಕುವ ಸಲ್ಫೈಟಿನದು, ಸ್ವಲ್ಪ ಹೊತ್ತು ಬಿಟ್ಟರೆ ಸಾಮಾನ್ಯವಾಗಿ ಹೋಗುತ್ತದೆ.

ಕೊಡಗಿನ ಮನೆ ವೈನ್‌ಗಳಲ್ಲಿ ಸಕ್ಕರೆ ಜಾಸ್ತಿ. ಸಿಹಿ ಎಷ್ಟೋ ದೋಷ ಮುಚ್ಚಿಹಾಕುತ್ತದೆ, ತಣ್ಣಗಿದ್ದರೆ ಇನ್ನಷ್ಟು. ಹಾಗಾಗಿ ಫ್ರಿಜ್‌ನಿಂದ ತೆಗೆದ ಕೂಡಲೇ ತೀರ್ಪು ಕೊಡಬೇಡಿ. ಅರ್ಧ ಗಂಟೆ ಹೊರಗಿಟ್ಟು ಒಂದು ಗುಟುಕು ಬಾಯಲ್ಲಿ ಆಡಿಸಿ. ಸಿಹಿಯ ಹಿಂದೆ ಹುಳಿ ಸಿಗಬೇಕು, ಇಲ್ಲದಿದ್ದರೆ ಸುಮ್ನೆ ಶರಬತ್ತು. ನೆಲ್ಲಿಕಾಯಿ ವೈನ್ ಅಂದರೆ ನುಂಗಿದ ಮೇಲೂ ಆ ಒಗರು ಬಾಯಲ್ಲಿ ಉಳಿಯಬೇಕು, ಅಲ್ವಾ? ಬರೀ ಎಸೆನ್ಸ್ ಹಾಕಿದ್ದರೆ ಘಮ ಮಾತ್ರ ಇರುತ್ತದೆ.

ರುಚಿ ನೋಡುವಾಗ ಕೊಡಗಿನ ಹಂದಿ ಮಾಂಸದ ಪಂದಿ ಕರಿ ದೂರ ಇಡಿ. ಅದಕ್ಕೆ ಹಾಕುವ ಕಪ್ಪು ವಿನೆಗರ್ ಕಾಚಂಪುಳಿಯ ಹುಳಿ ಮುಂದೆ ಒಳ್ಳೆ ವೈನೂ ಸಪ್ಪೆ ಅನಿಸುತ್ತದೆ. ಲೇಬಲ್ಲೇ ಇಲ್ಲದ ಬಾಟಲಿ ಎಷ್ಟೇ ಅಗ್ಗವಾಗಿದ್ದರೂ ನಾನು ಕೊಳ್ಳುವುದಿಲ್ಲ.