‘ಲೈಬ್ರರೀಲಿ ಏನೇನೋ ನೋಡ್ತಿದ್ಳಂತೆ’

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಎಂಟನೇ ತರಗತಿಯ ಹುಡುಗಿ. ಕರೆತಂದವರು ಅಪ್ಪ. “ಲೈಬ್ರರಿ ಕಂಪ್ಯೂಟರ್‌ನಲ್ಲಿ ಏನೇನೋ ನೋಡ್ತಿದ್ಳಂತೆ ಮೇಡಂ. ಮೇಲ್ವಿಚಾರಕರು ಮನೆಗೇ ಬಂದು ಹೇಳಿದ್ರು.” ಅಂದಿನಿಂದ ಮಗಳು ಶಾಲೆಗೆ ಹೋಗಿಲ್ಲ, ಊಟವೂ ಅಷ್ಟಕ್ಕಷ್ಟೆ.

ಅಪ್ಪನನ್ನು ಹೊರಗೆ ಕೂರಿಸಿದೆ. ಅರ್ಧ ಗಂಟೆ ವೇಲಿನ ಅಂಚು ಸುತ್ತುತ್ತ ಕೂತಿದ್ದವಳು ಕೊನೆಗೆ ಬಾಯಿಬಿಟ್ಟಳು: “ಅಮ್ಮನ ಎದೇಲಿ ಗಂಟಿದೆ. ಅಪ್ಪಂಗೆ ಹೇಳ್ಬೇಡ ಅಂದಿದ್ದಾಳೆ.”

ಹುಡುಕಿದ್ದು ಅದನ್ನೇ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಊರಿನ ಲೈಬ್ರರಿಯಲ್ಲಿ, ಇಂಗ್ಲಿಷಿನಲ್ಲಿ ‘ಬ್ರೆಸ್ಟ್’ ಎಂದು ಟೈಪ್ ಮಾಡಿದ್ದಳು. ಪರದೆ ಕೆಂಪಾಗಿ, ಪುಟ ತಡೆಯಲಾಗಿದೆ ಎಂದು ಬಂತು. ಹಿಂದೆ ನಿಂತಿದ್ದ ಹುಡುಗರು ನಕ್ಕರು.

ಮೇಲ್ವಿಚಾರಕರನ್ನು ದೂರಲಾರೆ, ಮಕ್ಕಳು ಕೆಟ್ಟದ್ದು ನೋಡಿದರೆ ಊರು ಹಿಡಿಯುವುದು ಅವರನ್ನೇ. ಜೊತೆಗೆ ಕೂತು ಪರೀಕ್ಷಿಸಿದೆವು. ಪುಟ ತಡೆಯುವ ಆ ಫಿಲ್ಟರ್‌ಗೆ ಗೊತ್ತಿದ್ದುದು ಇಂಗ್ಲಿಷ್ ಪದಗಳ ಪಟ್ಟಿಯೊಂದೇ. ‘ಸ್ತನ ಕ್ಯಾನ್ಸರ್’ ಎಂದು ಕನ್ನಡದಲ್ಲಿ ಬರೆದರೆ ತೆರೆಯಿತು. ನಮ್ಮ ಬೀದಿಯ ಬೈಗುಳಗಳೂ ಸಲೀಸಾಗಿ ಒಳಹೋದವು.

ಪದಪಟ್ಟಿ ತೆಗೆದು, ಹುಡುಕಾಟದಲ್ಲಿ ಅಶ್ಲೀಲ ಫಲಿತಾಂಶ ಮರೆಮಾಡುವ ಸೇಫ್‌ಸರ್ಚ್ ಹಾಕಿ, ಅಶ್ಲೀಲ ತಾಣಗಳನ್ನು ಡಿಎನ್‌ಎಸ್‌ನಲ್ಲೇ (ತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆಯಲ್ಲೇ) ತಡೆಯಿರಿ ಎಂದೆ. ತಪ್ಪಾಗಿ ತಡೆದರೆ ಕೇಳುವ ದಾರಿಯೂ ಬೇಕು. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಇಂಟರ್ನೆಟ್ ನೆರವು ಪಡೆಯುವ ಗ್ರಂಥಾಲಯಗಳಿಗೆ ಫಿಲ್ಟರ್ ಕಡ್ಡಾಯ ಮಾಡಿದ 2000ರ ಕಾಯ್ದೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2003ರಲ್ಲಿ ಎತ್ತಿಹಿಡಿಯಿತು. ವಯಸ್ಕರು ಕೇಳಿದರೆ ತಡೆ ತೆಗೆಸಿಕೊಳ್ಳಬಹುದಲ್ಲ ಎಂಬುದು ಅದಕ್ಕೆ ಒಂದು ಕಾರಣ. ಹದಿಮೂರರ ಹುಡುಗಿ ಹತ್ತು ಜನರೆದುರು ಏನಂತ ಕೇಳಿಯಾಳು? ಕಂಪ್ಯೂಟರ್ ಪಕ್ಕ ಚೀಟಿ ಹಾಕುವ ಡಬ್ಬಿ ಇಡಿಸಿದೆ, ಹೆಸರು ಬರೆಯಬೇಕಿಲ್ಲ. ಶನಿವಾರ ಆಶಾ ಕಾರ್ಯಕರ್ತೆ ಬಂದು ಎಲ್ಲರೆದುರು ಉತ್ತರಿಸುತ್ತಾರೆ.

ಪರದೆ ಕೆಂಪಾದರೆ ಮೊದಲು ಮಗುವನ್ನೇ ಮೆಲ್ಲಗೆ ಕೇಳಿ, ಮನೆಗೆ ಓಡಬೇಡಿ ಎಂದೂ ಹೇಳಿದೆ. ದೊಡ್ಡವರು ಯಾರಾದರೂ ಬೇಕೆಂದೇ ಮಕ್ಕಳಿಗೆ ಅಶ್ಲೀಲ ತೋರಿಸಿದ್ದಾದರೆ ಅದು ಬೇರೆಯೇ ಮಾತು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯಡಿ ಅಪರಾಧ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು.

ಅಪ್ಪನಿಗೆ ಗಂಟಿನ ವಿಷಯ ನಾನು ಎತ್ತಲಿಲ್ಲ, ಅದು ಆ ತಾಯಿ ಹೇಳಬೇಕಾದದ್ದು. “ಮಗಳು ಕೆಟ್ಟದ್ದೇನೂ ನೋಡಿಲ್ಲ, ಖಾತ್ರಿ ನಾನು ಕೊಡ್ತೀನಿ. ಕೆದಕ್ಬೇಡಿ” ಎಂದಷ್ಟೇ ಹೇಳಿದೆ. ತಾಯಿಯನ್ನು ಬೇರೆ ದಿನ ಕರೆಸಿದೆ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ, ಆದರೆ ಬರೀ ಮುಟ್ಟಿ ನೋಡಿಕೊಂಡರೆ ಹೌದೋ ಅಲ್ಲವೋ ತಿಳಿಯುವುದಿಲ್ಲ. 30 ದಾಟಿದ ಹೆಂಗಸರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ತಪಾಸಣೆ ಇದೆ ಎಂದು ವಿವರಿಸಿದೆ. ಗಂಡನಿಗೆ ಆಕೆಯೇ ಹೇಳಿದರು.

ಆರೋಗ್ಯ ಕೇಂದ್ರದವರು ಜಿಲ್ಲಾಸ್ಪತ್ರೆಗೆ ಬರೆದುಕೊಟ್ಟಿದ್ದಾರೆ, ರಿಪೋರ್ಟ್ ಬರಬೇಕು. ಹುಡುಗಿ ಶಾಲೆಗೆ ಹೋಗುತ್ತಿದ್ದಾಳೆ. ಲೈಬ್ರರಿ ಕಡೆ ಇನ್ನೂ ತಲೆ ಹಾಕಿಲ್ಲ.