ಹಾರ್ನೆಸ್ ಹಾಕಿದ ಮೇಲೆ ನಾಯಿಯ ಎಳೆತ ಹೆಚ್ಚಿದೆ, ಏಕೆ?

ಪ್ರಶ್ನೆ: ಎರಡು ವರ್ಷದ ನಮ್ಮ ಗಂಡು ಲ್ಯಾಬ್ರಡಾರ್ ನಾಯಿಯನ್ನು ಬೆಳಿಗ್ಗೆ ಕುಂದುವಾಡ ಕೆರೆಯ ಏರಿಯ ಮೇಲೆ ವಾಕಿಂಗ್‌ಗೆ ಕರೆದೊಯ್ಯುತ್ತೇನೆ. ಕೊರಳಿಗೆ ಬೆಲ್ಟ್ ಹಾಕಿದರೆ ಕೆಮ್ಮು ಬರುವಷ್ಟು ಎಳೆಯುತ್ತಿತ್ತು. ಅಂಗಡಿಯವರ ಮಾತು ಕೇಳಿ ಎದೆ-ಹೆಗಲಿಗೆ ತೊಡಿಸುವ ಪಟ್ಟಿಗಳ ಹಾರ್ನೆಸ್ ತಂದೆ. ಈಗ ಕೆಮ್ಮು ನಿಂತಿದೆ, ಆದರೆ ಎಳೆತ ಮೊದಲಿಗಿಂತ ಜೋರಾಗಿದೆ. ಮತ್ತೆ ಬೆಲ್ಟನ್ನೇ ಬಳಸಬೇಕೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬೇಡ. ನೀವು ತಂದಿರುವ ಹಾರ್ನೆಸ್‌ನಲ್ಲಿ ಹಗ್ಗ ಸಿಕ್ಕಿಸುವ ಬಳೆ ಬೆನ್ನಿನ ಮೇಲಿರಬೇಕೆಂದು ನಿಮ್ಮ ವಿವರಣೆಯಿಂದ ತೋರುತ್ತದೆ. ಅಂಥದ್ದು ಗಂಟಲಿನ ಮೇಲಿನ ಒತ್ತಡವನ್ನು ಎದೆಗೂ ಹೆಗಲಿಗೂ ಹಂಚುವುದರಿಂದ ಕೆಮ್ಮು ನಿಂತಿತು, ಅದೇ ಕಾರಣಕ್ಕೆ ಎಳೆತವೂ ಹೆಚ್ಚಿತು. ಎತ್ತಿನ ಹೆಗಲಿಗೆ ನೊಗ ಹೂಡುವುದು ಅದು ಮೈಭಾರವನ್ನೆಲ್ಲ ಹಾಕಿ ಎಳೆಯಲೆಂದೇ ಅಲ್ಲವೇ? ಹಿಮಪ್ರದೇಶಗಳಲ್ಲಿ ಜಾರುಬಂಡಿ ಎಳೆಯುವ ನಾಯಿಗಳಿಗೆ ತೊಡಿಸುವುದೂ ಹಾರ್ನೆಸ್ಸೇ.

ನಿಮಗೆ ಬೇಕಾದುದು ಎದೆಯ ಮುಂಭಾಗದಲ್ಲಿ ಬಳೆಯಿರುವ ಹಾರ್ನೆಸ್. ನಾಯಿ ಮುನ್ನುಗ್ಗಿದಾಗ ಹಗ್ಗವು ಎದೆಯನ್ನು ಪಕ್ಕಕ್ಕೆ ಸೆಳೆದು ಅದರ ಮೈಯನ್ನು ನಿಮ್ಮತ್ತ ತಿರುಗಿಸುವುದರಿಂದ, ಅದರ ಬಲ ನೇರವಾಗಿ ಮುಂದಕ್ಕೆ ಬೀಳುವುದಿಲ್ಲ. ಎದೆಗೆ ಅಡ್ಡಲಾಗಿ ಒಂದೇ ಪಟ್ಟಿ ಹಾಯುವ ಮಾದರಿ ಹೆಗಲಿನ ಚಲನೆಗೆ ತಡೆಯೊಡ್ಡಬಹುದು. ಎದೆಯ ಮೇಲೆ ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿ ಕೂರುವುದು ಮೇಲು. ಪಟ್ಟಿಯ ಕೆಳಗೆ ಎರಡು ಬೆರಳು ಸರಾಗವಾಗಿ ತೂರಬೇಕು, ಕಂಕುಳಿಗೆ ಉಜ್ಜಬಾರದು. ನಮ್ಮ ಸೀಮೆಯ ಬಿಸಿಲಿಗೆ ಹೆಚ್ಚು ಬೆವರದ ನಾಯಿಯ ಚರ್ಮವೂ ಪಟ್ಟಿಯಡಿ ಬೆಂದು ಕೆಂಪಾಗುವುದರಿಂದ ಮನೆಗೆ ಬಂದೊಡನೆ ಬಿಚ್ಚಿಡಿ. ಮುಧೋಳ ತಳಿಯನ್ನು ಸಾಕಿರುವವರಿಗೂ ಒಂದು ಮಾತು: ತಲೆ ಕಿರಿದಾಗಿ ಸೊಂಟ ಸಣ್ಣಗಿರುವ ಆ ನಾಯಿ ಹಿಂದಕ್ಕೆ ಸರಿದು ಸಾಮಾನ್ಯ ಹಾರ್ನೆಸ್‌ನಿಂದ ಸುಲಭವಾಗಿ ನುಣುಚಿಕೊಳ್ಳುತ್ತದೆ, ಸೊಂಟದ ಬಳಿ ಇನ್ನೊಂದು ಪಟ್ಟಿಯಿರುವುದನ್ನು ಕೊಳ್ಳಬೇಕು.

ಆದರೆ ಯಾವ ಹಾರ್ನೆಸ್ಸೂ ಎಳೆತವನ್ನು ತಗ್ಗಿಸಬಲ್ಲದೇ ಹೊರತು, ಎಳೆಯದೆ ನಡೆಯುವುದನ್ನು ಕಲಿಸಲಾರದು. ಎಳೆದಾಗಲೆಲ್ಲ ತಾನು ಬಯಸಿದ ವಾಸನೆಯ ಬಳಿಗೆ ತಲುಪಿದ್ದರಿಂದ, ಎಳೆಯುವುದೇ ನಡೆಯುವ ಕ್ರಮವೆಂದು ನಿಮ್ಮ ನಾಯಿ ಇಷ್ಟು ದಿನದಲ್ಲಿ ಅರಿತುಕೊಂಡಿದೆ. ಇನ್ನು ಮೇಲೆ ಹಗ್ಗ ಬಿಗಿಯಾದ ಕ್ಷಣವೇ ನಿಂತುಬಿಡಿ, ಜಗ್ಗಬೇಡಿ, ಗದರಬೇಡಿ. ಅದು ತಿರುಗಿ ನೋಡಿಯೋ ಒಂದು ಹೆಜ್ಜೆ ಹಿಂದೆ ಬಂದೋ ಹಗ್ಗ ಸಡಿಲವಾದಾಗ ಮಾತ್ರ ಮುಂದೆ ಸಾಗಿ, ನಿಮ್ಮ ಮೊಣಕಾಲಿನ ಪಕ್ಕಕ್ಕೆ ಬಂದಾಗ ಬೇಯಿಸಿದ ಕೋಳಿಯ ಸಣ್ಣ ಚೂರನ್ನು ಅಲ್ಲಿಯೇ ಕೊಡಿ. ಮೂಸಲು ಬಿಡುವುದೂ ಬಹುಮಾನವೇ, ಆದರೆ ಹಗ್ಗ ಸಡಿಲವಿರುವಾಗ. ಓಡುವವರು, ಬೆಳ್ಳಕ್ಕಿಗಳು, ಬೀದಿನಾಯಿಗಳು ಎಲ್ಲವೂ ಇರುವ ಕೆರೆಯ ಏರಿಯಲ್ಲಿ ಈ ಪಾಠವನ್ನು ಆರಂಭಿಸಿದರೆ ಅದು ಕೈಗೂಡುವುದು ಕಷ್ಟ. ಮೊದಲು ಕಾಂಪೌಂಡಿನೊಳಗೆ, ಬಳಿಕ ಮನೆಯ ಮುಂದಿನ ರಸ್ತೆಯಲ್ಲಿ, ಒಮ್ಮೆಗೆ ಐದು ನಿಮಿಷ ಸಾಕು. ಬೆಳಿಗ್ಗೆ ನೀವು ನಿಂತು ಕಲಿಸಿದ್ದನ್ನು ಸಂಜೆ ಮನೆಯ ಇನ್ನೊಬ್ಬರು ಅದರ ಹಿಂದೆ ಓಡಿ ಕೆಡಿಸಬಾರದು, ಹೆಚ್ಚಿನ ಮನೆಗಳಲ್ಲಿ ತಪ್ಪುವುದು ಇಲ್ಲಿಯೇ.

ನಾಯಿ ಎಳೆದಂತೆ ಉದ್ದವಾಗುವ, ಗುಂಡಿಯೊತ್ತಿದರೆ ನಿಲ್ಲುವ ಸುರುಳಿ ಹಗ್ಗ ಸದಾ ಬಿಗಿಯಾಗಿಯೇ ಇರುವುದರಿಂದ ಈ ತರಬೇತಿಗೆ ಒಗ್ಗುವುದಿಲ್ಲ. ಆರು ಅಡಿಯ ಸಾದಾ ಹಗ್ಗವನ್ನು ಬಳಸಿ. ಕೊರಳನ್ನು ಬಿಗಿಯುವ ಚೋಕ್ ಚೈನು ಮತ್ತು ಮುಳ್ಳಿನ ಪಟ್ಟಿಗಳನ್ನು ನಾನು ಸೂಚಿಸುವುದಿಲ್ಲ. ಹಾರ್ನೆಸ್ ತೊಟ್ಟಾಗಲೂ ಕೆಮ್ಮು ಮರುಕಳಿಸಿದರೆ ಪಶುವೈದ್ಯರಿಗೆ ತೋರಿಸಿ. ಹಳೆಯ ಬೆಲ್ಟನ್ನು ಎಸೆಯಬೇಡಿ: ನಿಮ್ಮ ಫೋನ್ ಸಂಖ್ಯೆಯ ಬಿಲ್ಲೆಯನ್ನು ಅದಕ್ಕೆ ಸಿಕ್ಕಿಸಿ ಸಡಿಲವಾಗಿ ಕೊರಳಲ್ಲಿಯೇ ಇರಲಿ, ಹಗ್ಗವನ್ನು ಮಾತ್ರ ಅದಕ್ಕೆ ಕಟ್ಟಬೇಡಿ.